ವಪೆಯ ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರ ಕೂಸಿನ ಹೊಟ್ಟೆ: ಅಂದೇ ಮುಚ್ಚಬೇಕೇ, ಜಾಗ ಬಿಡಬೇಕೇ?

ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆಯಾದ ವಪೆಯಲ್ಲಿ ತೂತಿಟ್ಟುಕೊಂಡು ಹುಟ್ಟಿದ ಕೂಸಿಗೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ತಂದೆತಾಯಿಯಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ, ರಕ್ತ ಕೊಡುವ ವಿಷಯ, ಅರಿವಳಿಕೆಯ ವಿಷಯ ಎಲ್ಲ ಬಂದ ಮೇಲೆ, ಕೊನೆಗೆಲ್ಲೋ ಒಂದು ಸಾಲು ಇರುತ್ತದೆ: ಅಗತ್ಯ ಬಿದ್ದರೆ ಹೊಟ್ಟೆಯನ್ನು ಪೂರ್ತಿ ಮುಚ್ಚದೆ ಬಿಡಬೇಕಾಗಬಹುದು. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾದ ಬಾಂಬೋಳಿಂಗೋ ರಾತ್ರೋರಾತ್ರಿ ಓಡಿಹೋದ ಮನೆಯವರಿಗೆ ಆ ಹೊತ್ತಿನಲ್ಲಿ ಆ ಸಾಲು ಕಣ್ಣಿಗೆ ಬೀಳುವುದಿಲ್ಲ. ಮರುದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಕೂಸಿನ ಹೊಟ್ಟೆಯ ಮೇಲೆ ಪಾರದರ್ಶಕ ಚೀಲ ಕಂಡಾಗ, ಅಥವಾ ತೆಳ್ಳನೆಯ ಚರ್ಮದಡಿ ಕರುಳು ಉಬ್ಬಿದ್ದು ಕಂಡಾಗ, ಎದೆ ಧಸಕ್ಕೆನ್ನುತ್ತದೆ. ‘ಮೇಲೆ ಹೋದ ಕರುಳನ್ನು ಕೆಳಗೆ ತಂದಾಯ್ತಲ್ಲ ಡಾಕ್ಟ್ರೇ, ಮತ್ತೆ ಹೊಲಿಲಿಕ್ಕೆ ಏನಾಗಿತ್ತು?’ ಎಂದು ಒಬ್ಬ ಮೀನುಗಾರ ತಂದೆ ನನ್ನನ್ನು ಕೇಳಿದ್ದರು. ಆ ಪ್ರಶ್ನೆಗೆ ಅಂದು ನಿಂತಲ್ಲೇ ಕೊಟ್ಟ ಉತ್ತರ ನನಗೇ ಸಾಲದಾಯಿತು. ಕರಾವಳಿಯಲ್ಲಿ ಮಕ್ಕಳ ವೈದ್ಯನಾಗಿ ಇಂಥ ಕೂಸುಗಳನ್ನು ದೊಡ್ಡ ಆಸ್ಪತ್ರೆಗೆ ಕಳಿಸುವವನೂ, ಅವು ಮರಳಿ ಬಂದ ಮೇಲೆ ನೋಡಿಕೊಳ್ಳುವವನೂ ಆಗಿರುವುದರಿಂದ, ಹೊಟ್ಟೆ ಮುಚ್ಚುವ ಬೇರೆಬೇರೆ ದಾರಿಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟು ನೋಡುತ್ತೇನೆ.

ಒತ್ತಡ ಏರುವುದು ಯಾಕೆ

ಎರಡೂವರೆ ಸಾವಿರದಿಂದ ಮೂರು ಸಾವಿರ ಹೆರಿಗೆಗಳಲ್ಲಿ ಒಂದು ಕೂಸಿಗೆ ಈ ತೊಂದರೆ ಇರುತ್ತದೆ. ಹತ್ತರಲ್ಲಿ ಎಂಟರಷ್ಟು ಸಲ ತೂತು ಎಡಗಡೆಗೆ, ಹಿಂಬದಿಯಲ್ಲಿರುತ್ತದೆ. ಆ ಜಾಗಕ್ಕೆ, 1848ರಲ್ಲಿ ಅದನ್ನು ವಿವರಿಸಿದ ಬೊಖ್ಡಾಲೆಕ್ ಅವರ ಹೆಸರು ಇಂದಿಗೂ ಉಳಿದಿದೆ. ಗರ್ಭದಲ್ಲಿದ್ದಾಗಲೇ ಕರುಳು, ಜಠರ, ಗುಲ್ಮ, ಕೆಲವೊಮ್ಮೆ ಯಕೃತ್ತಿನ ಒಂದು ಭಾಗವೂ ಎದೆಗೂಡಿಗೆ ಏರಿ ಕುಳಿತಿರುತ್ತವೆ. ಅವು ಅಲ್ಲಿ ಕುಳಿತದ್ದರಿಂದ ಶ್ವಾಸಕೋಶ ಬೆಳೆಯಲಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅವು ಇಲ್ಲಿ ಇಲ್ಲದ್ದರಿಂದ ಹೊಟ್ಟೆಯೂ ಬೆಳೆಯಲಿಲ್ಲ ಎಂಬುದನ್ನು ಹೇಳುವವರು ಕಡಿಮೆ. ಹುಟ್ಟಿದಾಗ ಇಂಥ ಕೂಸಿನ ಹೊಟ್ಟೆ ದೋಣಿಯ ಒಳಮೈಯಂತೆ ಒಳಕ್ಕೆ ಸೇದಿಕೊಂಡಿರುವುದು ಅದೇ ಕಾರಣಕ್ಕೆ.

ಅಷ್ಟು ಚಿಕ್ಕ ಹೊಟ್ಟೆಗೆ ಅಷ್ಟೂ ಅಂಗಗಳನ್ನು ಒಮ್ಮೆಲೇ ಇಳಿಸಿ ಹೊಲಿದರೆ ಏನಾಗುತ್ತದೆ ಎಂಬುದನ್ನು ಶಿರಸಿ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಿಡಿಯುವುದಕ್ಕಿಂತ ಹೆಚ್ಚು ಅಡಿಕೆ ತುಂಬಿದ ಚೀಲದ ಬಾಯಿಯನ್ನು ಎಳೆದು ಹೊಲಿದರೆ ಒಂದೋ ಹೊಲಿಗೆ ಹರಿಯುತ್ತದೆ, ಇಲ್ಲವೇ ಚೀಲ ಬಿಗಿದು ಕಲ್ಲಾಗುತ್ತದೆ. ಕೂಸಿನಲ್ಲಿ ಆ ಬಿಗಿತ ಮೂರು ದಿಕ್ಕಿಗೆ ಕೆಲಸ ಮಾಡುತ್ತದೆ. ಮೇಲಕ್ಕೆ ಒತ್ತಿ, ಈಗಷ್ಟೇ ಹೊಲಿದ ವಪೆಯನ್ನೂ ಮೊದಲೇ ಬಡಕಲಾದ ಶ್ವಾಸಕೋಶವನ್ನೂ ಅಮುಕುತ್ತದೆ. ಹಿಂದಕ್ಕೆ ಒತ್ತಿ, ಕಾಲುಗಳಿಂದ ಹೃದಯಕ್ಕೆ ಮರಳುವ ದೊಡ್ಡ ಅಭಿಧಮನಿಯನ್ನು ಕಿರಿದಾಗಿಸುತ್ತದೆ. ಒಳಗೇ ಒತ್ತಿ, ಕರುಳಿಗೂ ಮೂತ್ರಪಿಂಡಗಳಿಗೂ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಉಸಿರಾಟ ಕುಗ್ಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಶ್ವಾಸಕೋಶದ ರಕ್ತನಾಳಗಳು ಇನ್ನಷ್ಟು ಸಂಕುಚಿಸುತ್ತವೆ. ಈ ಕೂಸುಗಳನ್ನು ಹೆಚ್ಚಾಗಿ ಕೊಲ್ಲುವುದು ಆ ಸಂಕೋಚನವೇ ಆದ್ದರಿಂದ, ಹೊಟ್ಟೆಯ ಒತ್ತಡವನ್ನು ಇಲ್ಲಿ ಹಗುರವಾಗಿ ತೆಗೆದುಕೊಳ್ಳಲಾಗದು.

ಕೈಯಿಂದ ಮುಟ್ಟಿ ನೋಡುವುದೋ, ಅಳೆಯುವುದೋ

ಹೊಟ್ಟೆ ಬಿಗಿಯಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವುದು, ಟೇಪಿನಿಂದ ಸುತ್ತಳತೆ ಬರೆದುಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ. ಅದು ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಅದೊಂದನ್ನೇ ನಂಬಬಾರದು. ಅನುಭವಸ್ಥ ಕೈಯೂ ಪಾದರಸದ ಎಂಟು ಮಿಲಿಮೀಟರ್ ಮತ್ತು ಹದಿನಾಲ್ಕು ಮಿಲಿಮೀಟರ್ ಒತ್ತಡದ ನಡುವಿನ ವ್ಯತ್ಯಾಸವನ್ನು ಖಚಿತವಾಗಿ ಹೇಳಲಾರದು. ನಿರ್ಧಾರವೆಲ್ಲ ನಿಂತಿರುವುದು ಆ ವ್ಯತ್ಯಾಸದ ಮೇಲೆಯೇ.

ಮೂತ್ರಕೋಶದ ಮೂಲಕ ಹೊಟ್ಟೆಯ ಒತ್ತಡ ಅಳೆಯುವ ವಿಧಾನವನ್ನು 1984ರಲ್ಲಿ ಅಮೆರಿಕದ ಕ್ರಾನ್ ಮತ್ತು ಸಂಗಡಿಗರು ವಯಸ್ಕ ರೋಗಿಗಳಲ್ಲಿ ವಿವರಿಸಿದರು. ಕೂಸಿನಲ್ಲಿ ಅದನ್ನು ಮಾಡುವುದು ನೋಡಲು ಸರಳ. ಮೂತ್ರದ ಕ್ಯಾಥೆಟರಿನ ಮೂಲಕ ಕೂಸಿನ ತೂಕದ ಪ್ರತಿ ಕಿಲೋಗೆ 1 ಮಿಲಿಲೀಟರಿನಂತೆ, ಕನಿಷ್ಠ 3 ಮಿಲಿಲೀಟರ್ ಸಲೈನ್ ಒಳಬಿಡಬೇಕು. ನಳಿಕೆಯನ್ನು ನೆಟ್ಟಗೆ ಎತ್ತಿ ಹಿಡಿದು, ಕೂಸಿನ ಪಕ್ಕೆಯ ನಡುಗೆರೆಯ ಎತ್ತರವನ್ನು ಸೊನ್ನೆಯೆಂದು ಇಟ್ಟುಕೊಂಡು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿಯಬೇಕು. ನೀರಿನ ಮೇಲ್ಮೈ ವೆಂಟಿಲೇಟರಿನ ಪ್ರತಿ ಉಸಿರಿಗೂ ಕೂದಲೆಳೆಯಷ್ಟು ಏರಿ ಇಳಿಯುವುದು ಕಾಣುತ್ತದೆ. ಉಸಿರು ಹೊರಹೋಗಿ ಮುಗಿದ ಕ್ಷಣದಲ್ಲಿ ಓದಬೇಕು. ನೀರು ಅಲುಗಾಡದೆ ನಿಂತಿದ್ದರೆ ನಳಿಕೆ ಎಲ್ಲೋ ಮಡಚಿಕೊಂಡಿದೆ ಎಂದೇ ತಿಳಿದು, ಆ ಅಂಕಿಯನ್ನು ಬರೆಯಲೇಬಾರದು. ನೀರಿನ 1.36 ಸೆಂಟಿಮೀಟರ್ ಎಂದರೆ ಪಾದರಸದ 1 ಮಿಲಿಮೀಟರ್. ಪಟ್ಟಿಯಲ್ಲಿ ಹದಿಮೂರೂವರೆ ಸೆಂಟಿಮೀಟರ್ ಕಂಡರೆ ಒತ್ತಡ 10. ಕೂಸು ಅಳುತ್ತಿದ್ದರೆ, ಹಾಸಿಗೆಯ ತಲೆಭಾಗ ಎತ್ತಿದ್ದರೆ, ಸಲೈನ್ ಹೆಚ್ಚಾಗಿ ಬಿಟ್ಟಿದ್ದರೆ ಅಂಕಿ ಸುಳ್ಳೇ ಏರಿರುತ್ತದೆ.

ತೀವ್ರ ಅನಾರೋಗ್ಯದಲ್ಲಿರುವ ಮಕ್ಕಳಲ್ಲಿ 4ರಿಂದ 10ರವರೆಗೆ ಇರುವುದು ಸಾಮಾನ್ಯ. ಉದರದ ಒತ್ತಡದ ಬಗ್ಗೆ ಕೆಲಸ ಮಾಡುವ ಜಾಗತಿಕ ತಜ್ಞರ ಸಂಘ 2013ರಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಗಡಿ ಹಾಕಿತು: ಒತ್ತಡ 10ರ ಮೇಲೆ ನಿಂತಿದ್ದು, ಅದರಿಂದಾಗಿ ಯಾವುದೇ ಅಂಗ ಹೊಸದಾಗಿ ಕೆಡಲು ತೊಡಗಿದರೆ ಅದು ತುರ್ತುಸ್ಥಿತಿ. ದೊಡ್ಡವರಲ್ಲಿ ಇದೇ ಗಡಿ 20. ದೊಡ್ಡವರ ವಾರ್ಡಿನಿಂದ ಬಂದವರು ಹದಿನಾಲ್ಕನ್ನು ಕಂಡು ‘ಪರವಾಗಿಲ್ಲ’ ಎನ್ನುವುದನ್ನು ಕೇಳಿದ್ದೇನೆ, ಮತ್ತು ಆ ಮಾತು ನನ್ನನ್ನು ಹೆದರಿಸುತ್ತದೆ. ನವಜಾತ ಶಿಶುವಿನ ಸರಾಸರಿ ರಕ್ತದೊತ್ತಡ 40ರ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಹದಿನಾಲ್ಕನ್ನು ಕಳೆದರೆ ಕರುಳಿಗೂ ಮೂತ್ರಪಿಂಡಕ್ಕೂ ರಕ್ತ ನೂಕಲು ಉಳಿಯುವುದು 26 ಮಾತ್ರ.

ದಾರಿ ಒಂದು: ಅಂದೇ ಪೂರ್ತಿ ಮುಚ್ಚುವುದು

ಬಹುಪಾಲು ಕೂಸುಗಳಲ್ಲಿ ಇದೇ ಸಾಧ್ಯವಾಗುತ್ತದೆ, ಸಾಧ್ಯವಾದಲ್ಲಿ ಇದೇ ಉತ್ತಮ ಕೂಡ. ಮತ್ತೊಂದು ಶಸ್ತ್ರಚಿಕಿತ್ಸೆ ಬೇಡ, ಹೊರಗಿನ ವಸ್ತು ಬೇಡ, ಸೋಂಕಿನ ಭಯ ಕಡಿಮೆ. ಶಸ್ತ್ರವೈದ್ಯರು ಮೊದಲು ಹೊಟ್ಟೆಯ ಗೋಡೆಯನ್ನು ಕೈಯಿಂದ ನಿಧಾನವಾಗಿ ಹಿಗ್ಗಿಸಿ, ಕರುಳಿನೊಳಗಿನ ಗಾಳಿ ಮತ್ತು ಕಪ್ಪು ಮಲವನ್ನು ಖಾಲಿ ಮಾಡಿಸಿ ಜಾಗ ಹುಟ್ಟಿಸಿಕೊಳ್ಳುತ್ತಾರೆ. ಪ್ರಶ್ನೆ ಇರುವುದು ‘ಕಷ್ಟಪಟ್ಟರೆ ಮುಚ್ಚಬಹುದು’ ಎನ್ನುವಂಥ ಕೂಸುಗಳಲ್ಲಿ. ಅಲ್ಲಿ ಒಳ್ಳೆಯ ತಂಡ ಹೊಲಿಗೆ ಕಟ್ಟುವ ಮುನ್ನ ಅಂಚುಗಳನ್ನು ಸುಮ್ಮನೆ ಹತ್ತಿರ ಹಿಡಿದು ಕೆಲವು ನಿಮಿಷ ಕಾಯುತ್ತದೆ. ವೆಂಟಿಲೇಟರಿನ ಒತ್ತಡ ಎಷ್ಟು ಏರಿತು, ಪ್ರತಿ ಉಸಿರಿಗೆ ಹೋಗುವ ಗಾಳಿ ಎಷ್ಟು ಇಳಿಯಿತು, ಮೂತ್ರಕೋಶದ ಅಂಕಿ ಎಷ್ಟು, ಕಾಲಿನ ಬಣ್ಣ ಹೇಗಿದೆ ಎಂದು ಅರಿವಳಿಕೆ ವೈದ್ಯರನ್ನು ಕೇಳುತ್ತದೆ. ಆ ಕೆಲವು ನಿಮಿಷಗಳ ಕಾಯುವಿಕೆ ಯಾವ ದುಬಾರಿ ಯಂತ್ರವನ್ನೂ ಬೇಡುವುದಿಲ್ಲ.

ಅಂಕಿಗಳು ಏರಿದರೂ ‘ಸ್ನಾಯು ಸಡಿಲವಾಗುವ ಔಷಧ ಕೊಟ್ಟು ಎರಡು ದಿನ ದಾಟಿಸೋಣ’ ಎಂದು ಬಿಗಿದು ಹೊಲಿಯುವುದು ನನಗೆ ಒಪ್ಪಿಗೆಯಾಗದ ದಾರಿ. ಕರುಳು ಶಸ್ತ್ರಚಿಕಿತ್ಸೆಯ ನಂತರದ ಒಂದೆರಡು ದಿನಗಳಲ್ಲಿ ಊದಿಕೊಳ್ಳುತ್ತದೆ. ಹೊಲಿದಾಗ ಹೇಗೋ ಹಿಡಿದದ್ದು ಆ ರಾತ್ರಿ ಹಿಡಿಯುವುದಿಲ್ಲ.

ದಾರಿ ಎರಡು: ಚರ್ಮ ಮಾತ್ರ ಮುಚ್ಚುವುದು

ಸ್ನಾಯುವಿನ ಪದರವನ್ನು ತೆರೆದೇ ಬಿಟ್ಟು ಚರ್ಮವನ್ನು ಮಾತ್ರ ಹೊಲಿಯುವ ಈ ಉಪಾಯ ಹಳೆಯದು. ಹುಟ್ಟಿದ 24 ಗಂಟೆಯೊಳಗಿನ ಕೂಸಿನ ವಪೆಯ ಹರ್ನಿಯಾವನ್ನು 1946ರಲ್ಲಿ ಯಶಸ್ವಿಯಾಗಿ ಸರಿಪಡಿಸಿದ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಅವರೇ, ಹೊಕ್ಕುಳಿನ ಮೂಲಕ ಕರುಳು ಹೊರಬಂದ ಕೂಸುಗಳಿಗೆ ಈ ಎರಡು ಹಂತದ ವಿಧಾನವನ್ನು 1948ರಲ್ಲಿ ವಿವರಿಸಿದರು. ಚರ್ಮ ಹಿಗ್ಗುತ್ತದೆ, ಸ್ನಾಯು ಅಷ್ಟು ಹಿಗ್ಗುವುದಿಲ್ಲ. ಇಡೀ ಲೆಕ್ಕ ಅಷ್ಟೇ. ಇದರ ಬೆಲೆ ಎಂದರೆ ಹೊಟ್ಟೆಯ ಮುಂದೆ ಒಂದು ಉಬ್ಬು ಉಳಿಯುತ್ತದೆ, ಕೂಸು ಅತ್ತಾಗ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ, ಮತ್ತು ಮಗು ಬೆಳೆದ ಮೇಲೆ ಅದನ್ನು ಮುಚ್ಚಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ನಮ್ಮ ಜಿಲ್ಲೆಯ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದಾಗ, ಚರ್ಮ ಸಾಕಷ್ಟು ಸಡಿಲವಾಗಿ ಸಿಗುವ ಕೂಸಿಗೆ ಎರಡನೆಯ ಆಯ್ಕೆಯಾಗಿ ನಾನು ಇದನ್ನೇ ಎತ್ತಿ ಹೇಳುತ್ತೇನೆ. ಗಾಯ ಮುಚ್ಚಿರುತ್ತದೆ, ಒಳಗೆ ಹೊರಗಿನ ವಸ್ತು ಇರುವುದಿಲ್ಲ, ಕೂಸು ಉಸಿರಾಟ ಮತ್ತು ಹಾಲು ಕುಡಿಯುವುದು ಸರಿಹೋದ ಮೇಲೆ ಮನೆಗೆ ಬರಬಹುದು. ಎರಡನೆಯ ಶಸ್ತ್ರಚಿಕಿತ್ಸೆಗೆ ಕುಟುಂಬ ತನ್ನ ಅನುಕೂಲದ ಕಾಲ ನೋಡಿ ಹೋಗಬಹುದು. ಮಳೆಗಾಲದಲ್ಲಿ ನಮ್ಮ ರಸ್ತೆಗಳನ್ನು ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಒಂದು ತಿಂಗಳೊಳಗೆ ದಕ್ಷಿಣದ ದಾರಿಗೂ ಗೋವಾದ ದಾರಿಗೂ ಪೆಟ್ಟು ಬಿದ್ದದ್ದನ್ನು ಕಾರವಾರದವರು ಮರೆತಿಲ್ಲ. ಮುಂದಿನ ಶಸ್ತ್ರಚಿಕಿತ್ಸೆಯನ್ನು ಬೇಸಿಗೆಗೆ ಇಟ್ಟುಕೊಳ್ಳಬಹುದಾದ ಆಯ್ಕೆಗೆ ಆದ್ದರಿಂದ ಇಲ್ಲಿ ಬೇರೆಯದೇ ತೂಕವಿದೆ.

ದಾರಿ ಮೂರು: ಹೊಟ್ಟೆಯ ಗೋಡೆಗೂ ತೇಪೆ

ಚರ್ಮವೂ ಸಾಲದಿದ್ದಾಗ, ಅಥವಾ ಸ್ನಾಯುವಿನ ಅಂತರ ತೀರ ಅಗಲವಾಗಿದ್ದಾಗ, ಗೋರ್-ಟೆಕ್ಸ್‌ನಂಥ ಕೃತಕ ಹಾಳೆಯನ್ನೋ, ಪ್ರಾಣಿಗಳ ಅಂಗಾಂಶದಿಂದ ತಯಾರಿಸಿದ ಹಾಳೆಯನ್ನೋ ಅಂಚಿಗೆ ಹೊಲಿಯುತ್ತಾರೆ. ಒತ್ತಡ ಇಳಿಸುವುದರಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ತೂತು ದೊಡ್ಡದಿದ್ದ ಕೂಸಿಗೆ ಸಾಮಾನ್ಯವಾಗಿ ವಪೆಗೂ ತೇಪೆ ಹಾಕಿರುತ್ತಾರೆ ಎಂಬುದು ಇಲ್ಲಿನ ತೊಡಕು. ಹೊಟ್ಟೆಯ ತೇಪೆಗೆ ಸೋಂಕು ತಗಲಿ ಅದು ವಪೆಯ ತೇಪೆಗೆ ಹರಡಿದರೆ ಮೊದಲಿನ ದುರಸ್ತಿಯೇ ಕೈತಪ್ಪಬಹುದು. ಕೃತಕ ಹಾಳೆ ಮಗುವಿನೊಂದಿಗೆ ಬೆಳೆಯುವುದಿಲ್ಲ. ಪ್ರಾಣಿಜನ್ಯ ಹಾಳೆ ದೇಹದಲ್ಲಿ ಬೆರೆಯುತ್ತದೆ, ಆದರೆ ಬೆಲೆ ಹೆಚ್ಚು, ಮತ್ತು ಕಾಲಕ್ರಮದಲ್ಲಿ ಸಡಿಲಾಗಿ ಉಬ್ಬು ಮರುಕಳಿಸುವುದೂ ಉಂಟು.

ವಪೆಯ ತೇಪೆಯ ಆಕಾರದ ಬಗ್ಗೆಯೂ ಇಲ್ಲೇ ಒಂದು ಮಾತು. ಅದನ್ನು ಚಪ್ಪಟೆಯಾಗಿ ಬಿಗಿದು ಹೊಲಿಯುವ ಬದಲು ಗುಮ್ಮಟದಂತೆ ಮೇಲಕ್ಕೆ ಉಬ್ಬಿಸಿ ಹೊಲಿದರೆ ಹೊಟ್ಟೆಗೆ ಒಂದಿಷ್ಟು ಜಾಗ ಹೆಚ್ಚು ಸಿಗುತ್ತದೆ, ವಪೆಯ ಅಂಚಿನ ಮೇಲಿನ ಎಳೆತವೂ ಕಡಿಮೆಯಾಗುತ್ತದೆ. ತೇಪೆಯ ಬದಲು ಹೊಟ್ಟೆಯ ಗೋಡೆಯ ಸ್ನಾಯುವನ್ನೇ ತಿರುಗಿಸಿ ವಪೆಗೆ ಹೊಲಿಯುವ ವಿಧಾನವೂ ಇದೆ. ಹೊಟ್ಟೆಯೇ ಸಾಲದಿರುವ ಕೂಸಿನಲ್ಲಿ ಹೊಟ್ಟೆಯ ಗೋಡೆಯಿಂದಲೇ ಕಡ ತೆಗೆಯುವ ಮುನ್ನ ಎರಡು ಸಲ ಯೋಚಿಸಬೇಕು. ಎದೆಯ ಕಡೆಯಿಂದ ಚಿಕ್ಕ ರಂಧ್ರಗಳ ಮೂಲಕ ಮಾಡುವ ದುರಸ್ತಿಯಲ್ಲಿ ಹೊಟ್ಟೆಯ ಮೇಲೆ ಗಾಯವೇ ಇರುವುದಿಲ್ಲವಾದ್ದರಿಂದ ಒತ್ತಡದ ಪ್ರಶ್ನೆಯೇ ಇಲ್ಲ ಎಂದು ಕೆಲವರು ತಿಳಿಯುತ್ತಾರೆ. ಅಂಗಗಳು ಅಷ್ಟೇ ಚಿಕ್ಕ ಹೊಟ್ಟೆಗೆ ಇಳಿದಿರುತ್ತವೆ, ಗೋಡೆ ತೆರೆದಿಲ್ಲದ್ದರಿಂದ ಅದನ್ನು ಸಡಿಲಿಸುವ ಅವಕಾಶವೂ ಇರುವುದಿಲ್ಲ. ಆ ಕೂಸನ್ನೂ ಅಷ್ಟೇ ಎಚ್ಚರದಿಂದ ಅಳೆಯಬೇಕು.

ದಾರಿ ನಾಲ್ಕು: ಚೀಲ ಅಥವಾ ತೆರೆದ ಹೊಟ್ಟೆ

ಕರುಳನ್ನು ಪಾರದರ್ಶಕ ಸಿಲಿಕಾನ್ ಚೀಲದಲ್ಲಿಟ್ಟು, ಚೀಲದ ಬಾಯಿಯನ್ನು ಹೊಟ್ಟೆಯ ಅಂಚಿಗೆ ಕೂಡಿಸಿ, ಹಾಸಿಗೆಯ ಮೇಲೆ ನೆಟ್ಟಗೆ ತೂಗುಬಿಟ್ಟು, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಒಳಗಿಳಿಸಿ ಕೊನೆಗೆ ಮುಚ್ಚುವುದನ್ನು ಸೈಲೋ ಎನ್ನುತ್ತಾರೆ. ಇದೂ ಕರುಳು ಹೊಟ್ಟೆಯ ಹೊರಗೆ ಬಂದು ಹುಟ್ಟಿದ ಕೂಸುಗಳ ಚಿಕಿತ್ಸೆಯಿಂದ ಎರವಲು ಬಂದದ್ದು. ಷೂಸ್ಟರ್ ಎಂಬ ಶಸ್ತ್ರವೈದ್ಯರು 1967ರಲ್ಲಿ ಇದಕ್ಕೆ ದಾರಿ ಹಾಕಿಕೊಟ್ಟರು. ಕರುಳಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ ಎಂಬುದು ಇದರ ದೊಡ್ಡ ಅನುಕೂಲ. ಗುಲಾಬಿ ಬಣ್ಣ ಕಪ್ಪಾಗುತ್ತಾ ಬಂದರೆ ಪಾಳಿಯಲ್ಲಿರುವ ದಾದಿಗೇ ತಿಳಿಯುತ್ತದೆ, ಯಾವ ವರದಿಗೂ ಕಾಯಬೇಕಿಲ್ಲ. ಬದಲಿಗೆ ದೇಹದ ನೀರು ಮತ್ತು ಶಾಖ ಸೋರಿಹೋಗುತ್ತವೆ, ಸೋಂಕಿನ ಅಪಾಯ ದಿನದಿಂದ ದಿನಕ್ಕೆ ಹೆಚ್ಚುತ್ತದೆ, ಕೂಸು ಅಷ್ಟೂ ದಿನ ವೆಂಟಿಲೇಟರಿನ ಮೇಲೆ, ನುರಿತ ದಾದಿಯರ ಕಣ್ಣೆದುರಿಗೇ ಇರಬೇಕಾಗುತ್ತದೆ. ತೆರೆದ ಗಾಯಕ್ಕೆ ದ್ರವ ಹೀರಿ ತೆಗೆಯುವ ಪಟ್ಟಿ ಕೂಡಿಸುವ ವಿಧಾನವನ್ನು ಕೆಲವೆಡೆ ಬಳಸುತ್ತಾರೆ. ರಕ್ತವನ್ನು ದೇಹದ ಹೊರಗೆ ಒಯ್ದು ಆಮ್ಲಜನಕ ಬೆರೆಸಿ ಮರಳಿಸುವ ಎಕ್ಮೋ ಯಂತ್ರದ ಮೇಲಿರುವ ಕೂಸಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟಿರುವುದರಿಂದ ಒಳಗೆ ರಕ್ತ ಸೋರಿ ಒತ್ತಡ ಏರಬಹುದು. ಅಲ್ಲಿ ತೆರೆದಿಡುವುದಕ್ಕೆ ಹೆಚ್ಚು ಕಾರಣಗಳಿವೆ.

ಎದೆಗೆ ಯಕೃತ್ತೂ ಏರಿದ್ದು, ತೂತು ದೊಡ್ಡದಿದ್ದು, ಹೊಲಿಗೆಯ ಅಂಚು ಹಿಡಿದು ನೋಡಿದಾಗಲೇ ಉಸಿರು ಕೆಟ್ಟ ಕೂಸಿಗೆ ಈ ನಾಲ್ಕನೆಯ ದಾರಿಯನ್ನು ಯಾರಾದರೂ ಸೂಚಿಸಿದರೆ, ಅದನ್ನು ಸೋಲೆಂದು ಕೇಳಿಸಿಕೊಳ್ಳಬೇಡಿ. ಚೀಲ ಕಂಡು ಹೆದರಿದ ಆ ಮೀನುಗಾರ ತಂದೆಗೆ ಮರುದಿನ ಮೂತ್ರದ ಚೀಲವನ್ನು ತೋರಿಸಿದೆ. ಮೂರು ಕಿಲೋದ ಕೂಸು ಗಂಟೆಗೆ ಕನಿಷ್ಠ 3 ಮಿಲಿಲೀಟರ್ ಮೂತ್ರ ಮಾಡಬೇಕು. ಅವರ ಮಗು ಅದಕ್ಕಿಂತ ಹೆಚ್ಚೇ ಮಾಡುತ್ತಿತ್ತು. ಅಂದಿನಿಂದ ಅವರು ಬಂದಾಗಲೆಲ್ಲ ಕಾಟಿನ ಕೆಳಗೆ ಬಗ್ಗಿ ಮೊದಲು ಆ ಚೀಲವನ್ನೇ ನೋಡುತ್ತಿದ್ದರು.

ಮುಚ್ಚಿದ ಮೇಲೆ ಒತ್ತಡ ಏರಿದರೆ

ಮೊದಲ ಎರಡು ದಿನ ಅತಿ ಮುಖ್ಯ. ವೆಂಟಿಲೇಟರಿಗೆ ಹೆಚ್ಚುಹೆಚ್ಚು ಒತ್ತಡ ಬೇಕಾಗುವುದು, ಮೂತ್ರ ಇಳಿಯುವುದು, ಅಂಗಗಳಿಗೆ ಆಮ್ಲಜನಕ ಸಾಲದಾಗ ಹೆಚ್ಚುವ ಲ್ಯಾಕ್ಟೇಟ್ ರಕ್ತದಲ್ಲಿ ಏರುವುದು, ಹೊಟ್ಟೆಯ ಚರ್ಮ ಮಿರುಗುವುದು, ಕಾಲುಗಳು ತಣ್ಣಗಾಗಿ ಮಚ್ಚೆಮಚ್ಚೆಯಾಗುವುದು: ಇವು ಒಟ್ಟಿಗೆ ಬಂದರೆ ಹೊಟ್ಟೆಯನ್ನೇ ಶಂಕಿಸಬೇಕು. ಈ ಕೂಸುಗಳಲ್ಲಿ ಆಮ್ಲಜನಕ ಇಳಿದ ಕೂಡಲೇ ಶ್ವಾಸಕೋಶದ ರಕ್ತದೊತ್ತಡವೇ ಕಾರಣವೆಂದು ತೀರ್ಮಾನಿಸುವ ರೂಢಿ ಇದೆ. ಬಲಗೈಯ ಅಂಕಿಗಿಂತ ಪಾದದ ಆಮ್ಲಜನಕದ ಅಂಕಿ ಬಹಳ ಕೆಳಗಿದ್ದರೆ ಆ ಊಹೆಗೆ ಬಲ ಬರುತ್ತದೆ ನಿಜ, ಆದರೆ ಅದಕ್ಕೂ ಮೂಲ ಹೊಟ್ಟೆಯ ಒತ್ತಡವೇ ಆಗಿರಬಹುದು. ಎದೆಯಲ್ಲಿ ಗಾಳಿ ಸೋರಿಕೆಯಾಗಿಲ್ಲ ಎಂದು ಎಕ್ಸ್‌ರೇ ನೋಡಿ, ಮೂತ್ರಕೋಶದ ಒತ್ತಡ ಅಳೆದು, ಆಮೇಲೆ ತೀರ್ಮಾನಕ್ಕೆ ಬರುವುದು ಸರಿಯಾದ ಕ್ರಮ.

ಆಗ ಎದುರಿಗಿರುವ ಆಯ್ಕೆಗಳು ಎರಡು. ಔಷಧೋಪಚಾರದಲ್ಲಿ ಜಠರದ ನಳಿಕೆಯಿಂದ ಗಾಳಿ ಮತ್ತು ದ್ರವ ಹೀರುವುದು, ಗುದದ್ವಾರದಿಂದ ಮೆಲ್ಲಗೆ ತೊಳೆಯುವುದು, ನೋವು ಮತ್ತು ಅಳು ತಗ್ಗಿಸುವುದು, ಸ್ನಾಯು ಸಡಿಲಿಸುವುದು, ರಕ್ತನಾಳಕ್ಕೆ ಕೊಡುವ ದ್ರವವನ್ನು ಹಿಡಿತದಲ್ಲಿಡುವುದು, ಹೊಟ್ಟೆಯಲ್ಲಿ ನೀರು ಸೇರಿದ್ದರೆ ಸೂಜಿಯಿಂದ ತೆಗೆಯುವುದು ಬರುತ್ತವೆ. ಒತ್ತಡ ಗಡಿಯ ಆಸುಪಾಸಿನಲ್ಲಿದ್ದು, ಮೂತ್ರ ಇನ್ನೂ ಬರುತ್ತಿದ್ದರೆ ಇದು ಸಾಕಾಗುತ್ತದೆ. ಮೂತ್ರ ನಿಂತು, ಲ್ಯಾಕ್ಟೇಟ್ ಏರುತ್ತಿದ್ದರೆ ಹೊಲಿಗೆ ಬಿಚ್ಚುವುದೇ ಚಿಕಿತ್ಸೆ. ಸಾಗಿಸಲಾಗದ ಕೂಸಾದರೆ ಹಾಸಿಗೆಯ ಬಳಿಯಲ್ಲೇ ಬಿಚ್ಚಬೇಕು. ‘ಬೆಳಗಾಗಲಿ ನೋಡೋಣ’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ, ರಕ್ತವಿಲ್ಲದ ಕರುಳು ಬೆಳಗಿನವರೆಗೆ ಕಾಯುವುದಿಲ್ಲ.

ಆದ್ದರಿಂದ ಸ್ಕ್ಯಾನಿಂಗ್‌ನಲ್ಲಿ ಮೊದಲೇ ವಪೆಯ ತೂತು ಪತ್ತೆಯಾದ ಗರ್ಭಿಣಿಯ ಮನೆಯವರು ಆಸ್ಪತ್ರೆ ಆರಿಸುವಾಗ ‘ಶಸ್ತ್ರಚಿಕಿತ್ಸೆ ಮಾಡುತ್ತೀರಾ’ ಎಂದಷ್ಟೇ ಕೇಳಿದರೆ ಸಾಲದು. ರಾತ್ರಿ ಎರಡು ಗಂಟೆಗೆ ಮಕ್ಕಳ ಶಸ್ತ್ರವೈದ್ಯರು ಎಷ್ಟು ಹೊತ್ತಿಗೆ ಬರುತ್ತಾರೆ, ಕೂಸಿನ ಹೊಟ್ಟೆಯ ಒತ್ತಡ ಅಳೆಯುವ ರೂಢಿ ಇದೆಯೇ, ಸೈಲೋ ಚೀಲ ಸಿದ್ಧವಿದೆಯೇ ಎಂದು ಕೇಳಬೇಕು. ಹತ್ತಿರದ ಆಸ್ಪತ್ರೆಯಲ್ಲಿ ಇವಿಲ್ಲವಾದರೆ ಹೆರಿಗೆಯನ್ನೇ ಇವು ಇರುವ ಕಡೆ ಇಟ್ಟುಕೊಳ್ಳುವುದು ಒಳ್ಳೆಯದು, ಹುಟ್ಟಿದ ಮೇಲೆ ಘಟ್ಟ ಹತ್ತಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿರುವಾಗಲೇ ಕೂಸನ್ನು ಒಯ್ಯುವುದು ಎಷ್ಟೋ ಸುರಕ್ಷಿತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಗೋವಾಕ್ಕೆ ಹೋಗುವವರು ಅಲ್ಲಿ ಕಾರ್ಡ್ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ಮನೆಗೆ ಬಂದ ಮೇಲೆ

ಚರ್ಮ ಮಾತ್ರ ಮುಚ್ಚಿದ ಕೂಸಿನ ಉಬ್ಬನ್ನು ಕಂಡ ಅಜ್ಜಿಯಂದಿರು ಪ್ರೀತಿಯಿಂದಲೇ ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುತ್ತಾರೆ. ಹಾಗೆ ಕಟ್ಟಿದರೆ ಶಸ್ತ್ರವೈದ್ಯರು ಕಷ್ಟಪಟ್ಟು ಬಿಟ್ಟ ಜಾಗವನ್ನೇ ನಾವು ಕಸಿದುಕೊಂಡಂತಾಗುತ್ತದೆ; ಒತ್ತಡ ಮೇಲಕ್ಕೆ ಹೋಗಿ ವಪೆಯ ಹೊಲಿಗೆಯ ಮೇಲೆ ಬೀಳುತ್ತದೆ. ಎಣ್ಣೆ ನೀವುವಾಗ ಹೊಟ್ಟೆಯನ್ನು ಬಿಟ್ಟುಬಿಡಬೇಕು, ಗಾಯದ ಸುತ್ತ ಇಂಗು ಹಚ್ಚುವುದು ಬೇಡ. ಹಾಲನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚು ಸಲ ಕುಡಿಸಿ, ತೇಗು ಬರುವವರೆಗೆ ಹೆಗಲ ಮೇಲೆ ಹಾಕಿಕೊಂಡಿರಬೇಕು. ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬರಿಸಿ ಮಲ ನಿಂತರೆ, ಅಥವಾ ಉಸಿರಿಗೆ ಪಕ್ಕೆ ಸೇದಲು ತೊಡಗಿದರೆ ಅದೇ ಗಂಟೆಯಲ್ಲಿ ಹೊರಡಬೇಕು. ಹೊರಡುವಾಗ ಬಿಡುಗಡೆ ಪತ್ರ ಕೈಯಲ್ಲಿರಲಿ. ಹೊಟ್ಟೆಯನ್ನು ಯಾವ ವಿಧಾನದಲ್ಲಿ ಮುಚ್ಚಿದರು, ವಪೆಗೆ ತೇಪೆ ಇದೆಯೇ ಇಲ್ಲವೇ, ಕೊನೆಯ ಸಲ ಅಳೆದ ಒತ್ತಡ ಎಷ್ಟು ಎಂಬ ಮೂರು ವಿಷಯಗಳನ್ನು ಅದರಲ್ಲಿ ಬರೆಸಿಕೊಂಡೇ ದೊಡ್ಡ ಆಸ್ಪತ್ರೆಯಿಂದ ಬನ್ನಿ. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿರುವ ವೈದ್ಯರಿಗೆ ಕೂಸನ್ನು ಮುಟ್ಟುವ ಮುನ್ನ ಬೇಕಾಗುವುದು ಅವೇ ಮೂರು ಸಾಲು.